ಆಫೀಸಿನ ಇಂಗ್ಲಿಷ್ ಮೇಲ್, ಕೊಟೇಶನ್, ರಿಪೋರ್ಟ್ ಸರಳವಾಗಿ ಬರೆಯುವುದು ಹೇಗೆ? ಅನುಭವ ಇರುವವರು ಹೇಳಿ

ಕೇಳಿದವರು: ತುಮಕೂರು, ವಸಂತನರಸಾಪುರದ ಕಾರ್ಟನ್ ಬಾಕ್ಸ್ ಕಂಪನಿಯ ಆಫೀಸು

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಬಿ.ಕಾಂ., ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನಮ್ಮದು ಸಣ್ಣ ಕಂಪನಿ. ಕೊಟೇಶನ್, ಪೇಮೆಂಟ್ ಕೇಳುವ ಮೇಲ್, ಕಂಪ್ಲೇಂಟಿಗೆ ಉತ್ತರ, ಎಲ್ಲ ನಾನೇ ಬರೆಯಬೇಕು. ಗ್ರಾಮರ್ ತಪ್ಪು ಅಷ್ಟಾಗಿ ಇರುವುದಿಲ್ಲ. ಆದರೂ ಒಂದು ಕೊಟೇಶನ್ ಕಳಿಸಿದರೆ ಆ ಕಡೆಯಿಂದ ಮತ್ತೆ ಮತ್ತೆ ಪ್ರಶ್ನೆ ಬರುತ್ತದೆ. ಪೇಮೆಂಟ್ ಮೇಲ್‌ಗೆ ಉತ್ತರವೇ ಬರುವುದಿಲ್ಲ. ಹಳೇ ಫೈಲ್ ನೋಡಿಕೊಂಡು ಬರೆದ ಒಂದು ಮೇಲ್ ಹೀಗಿದೆ:

"ವಿತ್ ರೆಫರೆನ್ಸ್ ಟು ದ ಅಬೌವ್ ಸೈಟೆಡ್ ಸಬ್ಜೆಕ್ಟ್, ವಿ ವುಡ್ ಲೈಕ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್ ದಟ್ ದ ಪೇಮೆಂಟ್ ಈಸ್ ಸ್ಟಿಲ್ ಪೆಂಡಿಂಗ್ ಫ್ರಂ ಯುವರ್ ಎಂಡ್. ಕೈಂಡ್ಲಿ ಡು ದ ನೀಡ್‌ಫುಲ್ ಅಟ್ ದ ಅರ್ಲಿಯೆಸ್ಟ್ ಅಂಡ್ ಒಬ್ಲೈಜ್."

ಇದರಲ್ಲಿ ಏನು ಬದಲಾಯಿಸಬೇಕು? ತೀರಾ ಸರಳವಾಗಿ ಬರೆದರೆ ಓದಿಲ್ಲದವರು ಬರೆದ ಹಾಗೆ ಕಾಣಲ್ವಾ?

ಕೋಲಾರ, ನರಸಾಪುರ, ವಾಹನ ಬಿಡಿಭಾಗಗಳ ಕಾರ್ಖಾನೆಯ ಕ್ವಾಲಿಟಿ ವಿಭಾಗ

ನಿಮ್ಮ ಇಂಗ್ಲಿಷಿಗೆ ಏನೂ ಆಗಿಲ್ಲಮ್ಮ. ಆ ಮೇಲ್ ಓದಿದವರಿಗೆ ಯಾವ ಬಿಲ್, ಎಷ್ಟು ದುಡ್ಡು, ಯಾವತ್ತಿನೊಳಗೆ ಕೊಡಬೇಕು ಅಂತ ಗೊತ್ತಾಗುವುದಿಲ್ಲ. ತೊಂದರೆ ಇರುವುದು ಅಲ್ಲಿ. ಅಕೌಂಟ್ಸ್‌ನವರು ನಿಮ್ಮ ಲೆಡ್ಜರ್ ತೆಗೆದು ಹುಡುಕಬೇಕು. ಹುಡುಕುವ ಕೆಲಸ ಇರುವ ಮೇಲನ್ನು ಯಾರಾದರೂ ಆಮೇಲೆ ನೋಡೋಣ ಅಂತ ಬದಿಗಿಡುತ್ತಾರೆ.

ನಾವು ಎದುರುಬದುರು ಕೂತು ಮಾತಾಡುವಾಗ ಮೊದಲು ಯೋಗಕ್ಷೇಮ, ಆಮೇಲೆ ಹಿಂದಿನ ಕಥೆ, ಕೊನೆಗೆ ಬಂದ ವಿಷಯ. ಮಾತಿಗೆ ಅದು ಚೆನ್ನ. ಮೇಲ್‌ನಲ್ಲಿ ಅದನ್ನು ತಿರುಗಿಸಬೇಕು. ಬೇಕಾದ್ದು ಮೊದಲ ಸಾಲಿನಲ್ಲಿ, ಕಾರಣ ಅದರ ಕೆಳಗೆ. ಬರೆಯುವ ಮುಂಚೆ ಪಕ್ಕದ ಟೇಬಲಿನವರಿಗೆ ಒಂದೇ ಉಸಿರಿನಲ್ಲಿ ಕನ್ನಡದಲ್ಲಿ ಹೇಳಿ ನೋಡಿ: "ಏಪ್ರಿಲ್ ಬಿಲ್ಲಿಂದು ಎರಡು ಲಕ್ಷ ಬರಬೇಕು, ಶುಕ್ರವಾರದೊಳಗೆ ಹಾಕ್ತೀರಾ ಅಂತ ಕೇಳ್ಬೇಕು." ಹೀಗೆ ಬಾಯಲ್ಲಿ ಬಂತು ಅಂದರೆ ಬರೆಯಬೇಕಾದ್ದು ಗೊತ್ತಾಗಿದೆ ಅಂತ ಅರ್ಥ. ಬಾಯಲ್ಲೇ ಬರಲಿಲ್ಲ ಅಂದರೆ ಇಂಗ್ಲಿಷಿನಲ್ಲಿ ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ.

ಕಂಪ್ಲೇಂಟಿಗೆ ಉತ್ತರ ಬರೆಯುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ಸಪ್ಲೈಯರ್‌ಗಳ ರಿಪೋರ್ಟ್ ಓದುವುದೇ ನನ್ನ ಕೆಲಸ. ನಮ್ಮಲ್ಲಿ 8ಡಿ ಅನ್ನುವ ಫಾರ್ಮ್ಯಾಟ್ ಇದೆ, ತೊಂದರೆಯ ಕಾರಣ, ಪರಿಹಾರ ಎಲ್ಲ ಎಂಟು ಹಂತದಲ್ಲಿ ಬರೆಯುವುದು. 1980ರ ದಶಕದಲ್ಲಿ ಫೋರ್ಡ್ ಕಂಪನಿಯಲ್ಲಿ ಶುರುವಾಗಿ ಈಗ ವಾಹನ ಉದ್ಯಮದ ತುಂಬ ಬಳಕೆಯಲ್ಲಿದೆ. ಅದರಲ್ಲಿ ಕಾರಣದ ಜಾಗದಲ್ಲಿ "ಆಪರೇಟರ್ ನೆಗ್ಲಿಜೆನ್ಸ್" ಅಂತ, ಕ್ರಮದ ಜಾಗದಲ್ಲಿ "ಸ್ಟ್ರಿಕ್ಟ್ ಇನ್‌ಸ್ಟ್ರಕ್ಷನ್ಸ್ ಹ್ಯಾವ್ ಬೀನ್ ಗಿವನ್" ಅಂತ ಬರೆದು ಕಳಿಸುತ್ತಾರೆ. ಇಂಗ್ಲಿಷಿನಲ್ಲಿ ತಪ್ಪೇನಿಲ್ಲ. ಆದರೂ ವಾಪಸ್ ಕಳಿಸುತ್ತೇನೆ. ಇನ್‌ಸ್ಟ್ರಕ್ಷನ್ ಯಾರು ಕೊಟ್ಟರು, ಏನಂತ ಕೊಟ್ಟರು, ನಾಳೆ ಆಪರೇಟರ್ ಬದಲಾದರೆ ಏನು ಗತಿ, ಒಂದೂ ಅದರಲ್ಲಿ ಇಲ್ಲ.

ನಿಮ್ಮ ಬಾಕ್ಸಿನ ಜಾಯಿಂಟ್ ಬಿಟ್ಟುಕೊಂಡಿದೆ ಅಂತ ಕಂಪ್ಲೇಂಟ್ ಬಂತು ಅಂದುಕೊಳ್ಳಿ. ನನಗೆ ಬೇಕಾದ್ದು ಇಷ್ಟು. ನಮ್ಮ ಸ್ಟೋರಿನಲ್ಲಿ ಬಿದ್ದಿರುವ ಬಾಕ್ಸ್ ಏನು ಮಾಡುತ್ತೀರಿ? ಯಾವತ್ತು ಬದಲಿ ಕೊಡುತ್ತೀರಿ? ಇದು ಮೊದಲು ಬರಲಿ. ಆಮೇಲೆ ಕಾರಣ: ಗಮ್ ಒಣಗುವ ಮುಂಚೆಯೇ ಬಂಡಲ್ ಕಟ್ಟಿದ್ದೇವೆ. ಆಮೇಲೆ ಈಗ ಮಾಡಿರುವ ಬದಲಾವಣೆ: ಅಂಟಿಸಿದ ಮೇಲೆ ಎರಡು ಗಂಟೆ ಬಿಟ್ಟು ಬಂಡಲ್ ಕಟ್ಟುತ್ತೇವೆ, ಪ್ರತಿ ಲಾಟಿನಲ್ಲಿ ಐದು ಬಾಕ್ಸಿನ ಜಾಯಿಂಟ್ ಎಳೆದು ನೋಡುತ್ತೇವೆ, ಶಿಫ್ಟ್ ಸೂಪರ್‌ವೈಸರ್ ಅದನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಇದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬರೆದು ಕಳಿಸಿ. ಯಾವ ಕ್ವಾಲಿಟಿಯವರೂ ವಾಪಸ್ ಕಳಿಸುವುದಿಲ್ಲ. "ಆಕ್ಷನ್ ಹ್ಯಾಸ್ ಬೀನ್ ಟೇಕನ್" ಅನ್ನುವಂಥ ವಾಕ್ಯ ಕಂಡಲ್ಲೆಲ್ಲ, ಮಾಡಿದವರು ಯಾರು ಅಂತ ಕೇಳಿಕೊಂಡು ಅವರನ್ನು ವಾಕ್ಯದ ಶುರುವಿಗೆ ತನ್ನಿ.

ನಿಮ್ಮ ಕಂಪನಿಯಲ್ಲಿ ಐಎಸ್ಒ 9001 ಅನ್ನುವ ಅಂತರರಾಷ್ಟ್ರೀಯ ಗುಣಮಟ್ಟದ ಮಾನದಂಡದ ಹೆಸರು ಕೇಳಿರುತ್ತೀರಿ. ಸರಳ ಭಾಷೆಗೂ 2023ರಲ್ಲಿ ಐಎಸ್ಒ 24495-1 ಅಂತ ಒಂದು ಮಾನದಂಡ ಬಂದಿದೆ. ಅದರ ತಿರುಳು ನಾಲ್ಕು ಮಾತು. ಓದುವವರಿಗೆ ಬೇಕಾದ್ದು ಅದರಲ್ಲಿ ಇರಬೇಕು. ಸುಲಭವಾಗಿ ಕಣ್ಣಿಗೆ ಬೀಳಬೇಕು. ಅರ್ಥ ಆಗಬೇಕು. ಓದಿದ ಮೇಲೆ ಅದನ್ನು ಇಟ್ಟುಕೊಂಡು ಕೆಲಸ ಮಾಡಲು ಬರಬೇಕು. ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ.

ಕೋಲಾರ ಎಪಿಎಂಸಿ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು

ನಮ್ಮದು ಎಲ್ಲ ವಾಟ್ಸಾಪ್‌ನಲ್ಲೇ. ಹೊರ ರಾಜ್ಯದ ಪಾರ್ಟಿಗೆ ಕನ್ನಡ ಬರಲ್ಲ, ನಮಗೆ ಅವರ ಭಾಷೆ ಬರಲ್ಲ, ಹಾಗಾಗಿ ಇಂಗ್ಲಿಷ್. ಲಾರಿ ನಂಬರ್, ಬಾಕ್ಸ್ ಎಷ್ಟು, ಒಂದು ಬಾಕ್ಸಿನ ತೂಕ, ರೇಟು, ಹೊರಟ ಹೊತ್ತು, ಡ್ರೈವರ್ ಫೋನ್. ಒಂದೊಂದು ಸಾಲಿಗೆ ಒಂದೊಂದು. ತೂಕ ಬರೆಯಲೇಬೇಕು. ಇಲ್ಲಿ ಬಾಕ್ಸ್ ಅಂದರೆ 15 ಕೆಜಿ ಅಂತ ನಮಗೆ ಗೊತ್ತು, ಬೇರೆ ಮಾರುಕಟ್ಟೆಯಲ್ಲಿ ಕ್ರೇಟಿನ ತೂಕ ಬೇರೆ. ನಮಗೆ ಗೊತ್ತಿರುವುದು ಅವರಿಗೂ ಗೊತ್ತು ಅಂದುಕೊಂಡು ಬಿಟ್ಟರೆ ಜಗಳ ಶುರುವಾಗುವುದೇ ಅಲ್ಲಿಂದ.

ಕೋಲಾರ, ಡಿಗ್ರಿ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕಿ

ಓದಿಲ್ಲದವರು ಬರೆದ ಹಾಗೆ ಕಾಣುತ್ತದಾ ಅಂತ ಕೇಳಿದ್ದೀರಿ. ನನ್ನ ವಿದ್ಯಾರ್ಥಿಗಳಿಗೂ ಇದೇ ಭಯ, ಅದಕ್ಕೇ ಬರೆಯುತ್ತಿದ್ದೇನೆ.

ಸರಳ ಇಂಗ್ಲಿಷ್ ಬೇಕು ಅಂತ ಹಟ ಹಿಡಿದವರು ಇಂಗ್ಲಿಷ್ ಮನೆಮಾತಿನವರೇ. 1979ರಲ್ಲಿ ಕ್ರಿಸ್ಸಿ ಮಾಹರ್ ಎನ್ನುವ ಮಹಿಳೆ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ನಿಂತು, ಜನಕ್ಕೆ ಅರ್ಥವಾಗದ ಸರ್ಕಾರಿ ಫಾರಂಗಳನ್ನು ಚೂರು ಚೂರು ಮಾಡಿದರು. ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಶುರುವಾಗಿದ್ದು ಹಾಗೆ. ಅಮೆರಿಕದಲ್ಲಿ ಷೇರು ಮಾರುಕಟ್ಟೆ ನೋಡಿಕೊಳ್ಳುವ ಎಸ್ಇಸಿ 1998ರಲ್ಲಿ, ಷೇರು ಬಿಡುಗಡೆ ಮಾಡುವ ಕಂಪನಿಗಳು ತಮ್ಮ ಪ್ರಾಸ್ಪೆಕ್ಟಸಿನ (ಹೂಡಿಕೆದಾರರಿಗೆ ಕೊಡುವ ವಿವರ ಪತ್ರದ) ಮುಖ್ಯ ಭಾಗಗಳನ್ನು ಸರಳ ಇಂಗ್ಲಿಷಿನಲ್ಲೇ ಬರೆಯಬೇಕು ಅಂತ ನಿಯಮ ಮಾಡಿತು. 2010ರಲ್ಲಿ ಅಲ್ಲಿನ ಸರ್ಕಾರಿ ಇಲಾಖೆಗಳಿಗೂ ಅಂಥದ್ದೇ ಕಾನೂನು ಬಂತು. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ಕಂಪನಿಯ ವಾರ್ಷಿಕ ವರದಿ ಬರೆಯುವಾಗ, ತಮ್ಮ ಅಕ್ಕ ಮತ್ತು ತಂಗಿಯ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡು ಬರೆಯುತ್ತಿದ್ದರಂತೆ. ಅವರಿಬ್ಬರೂ ಬುದ್ಧಿವಂತರಾಗಿದ್ದರು, ಆದರೆ ಲೆಕ್ಕಪತ್ರದಲ್ಲಿ ಪರಿಣಿತರಾಗಿರಲಿಲ್ಲ. ನೀವೂ ಹಾಗೇ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಚೆನ್ನಾಗಿ ತಿಳಿವಳಿಕೆ ಇರುವವರು, ಆದರೆ ನಿಮ್ಮ ಕೆಲಸದ ಒಳಗಿನ ವಿಷಯ ಗೊತ್ತಿಲ್ಲದವರು.

ಒಂದು ವಾಕ್ಯದಲ್ಲಿ ಒಂದೇ ವಿಷಯ ಇರಲಿ. "ಅಂಡ್", "ವಿಚ್", "ಸೋ" ಹಾಕಿ ಎಳೆಯುತ್ತಿದ್ದೀರಿ ಅನ್ನಿಸಿದ ತಕ್ಷಣ ಫುಲ್‌ಸ್ಟಾಪ್ ಇಡಿ. ಉದ್ದ ವಾಕ್ಯ ನಿಲ್ಲಿಸಿದರೆ ಗ್ರಾಮರ್ ತಪ್ಪೂ ತಾನಾಗಿ ಕಡಿಮೆಯಾಗುತ್ತದೆ.

ತುಮಕೂರು, ಆಡಿಟರ್ ಆಫೀಸಿನಲ್ಲಿ ಕೆಲಸ

ಪೇಮೆಂಟ್ ಮೇಲ್ ಬಗ್ಗೆ ಮಾತ್ರ ಹೇಳುತ್ತೇನೆ. ನಿಮ್ಮ ಕಂಪನಿಗೆ ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇದ್ದರೆ, ಸೂಕ್ಷ್ಮ ಅಥವಾ ಸಣ್ಣ ವರ್ಗದಲ್ಲಿದ್ದರೆ, 2006ರ ಎಂಎಸ್ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾನೂನು ನಿಮ್ಮ ಕಡೆ ಇದೆ. ಬರಹದಲ್ಲಿ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವ ಹಾಗಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು, ತಿಂಗಳು ತಿಂಗಳು ಸೇರಿಸಿ. ಇದರ ಮೇಲೆ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ, ಗಡುವಿನೊಳಗೆ ಕೊಡದ ದುಡ್ಡನ್ನು ಕೊಳ್ಳುವ ಕಂಪನಿ ತಾನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ತೋರಿಸಬಹುದು. ಮಾರ್ಚ್ ತಿಂಗಳಲ್ಲಿ ಅವರ ಅಕೌಂಟ್ಸ್‌ನವರು ಇದಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಅಂತ ನೋಡುತ್ತಲೇ ಇದ್ದೇನೆ.

ಹಾಗಂತ ಮೊದಲ ಮೇಲ್‌ನಲ್ಲೇ ಕಾನೂನು ತೆಗೆಯಬೇಡಿ. ಸಬ್ಜೆಕ್ಟ್ ಸಾಲಿನಲ್ಲಿ ಇನ್‌ವಾಯ್ಸ್ ನಂಬರ್, ಮೊತ್ತ, ಡ್ಯೂ ತಾರೀಖು ಹಾಕಿ. ಒಳಗೆ ಇಷ್ಟು ಸಾಕು:

"ಪ್ಲೀಸ್ ಪೇ ಇನ್‌ವಾಯ್ಸ್ 118 ಫಾರ್ ರೂ. 2,14,760 ಬೈ ಫ್ರೈಡೇ, 20 ಜೂನ್. ಯೂ ಅಕ್ಸೆಪ್ಟೆಡ್ ದ ಗೂಡ್ಸ್ ಆನ್ 26 ಏಪ್ರಿಲ್, ಅಂಡ್ ಪೇಮೆಂಟ್ ವಾಸ್ ಡ್ಯೂ ಆನ್ 10 ಜೂನ್. ದ ಇನ್‌ವಾಯ್ಸ್ ಅಂಡ್ ಡೆಲಿವರಿ ಚಲನ್ ಆರ್ ಅಟ್ಯಾಚ್ಡ್. ಇಫ್ ಎನಿಥಿಂಗ್ ಈಸ್ ಹೋಲ್ಡಿಂಗ್ ದಿಸ್ ಅಪ್, ಪ್ಲೀಸ್ ಟೆಲ್ ಮಿ ಟುಡೇ."

ಕೊನೆಯ ವಾಕ್ಯ ಬಿಡಬೇಡಿ. ಎಷ್ಟೋ ಸಲ ಅವರ ಹತ್ತಿರ ಬಿಲ್ಲೇ ಇರುವುದಿಲ್ಲ, ಅಥವಾ ಪಿಒ (ಅವರು ಕೊಟ್ಟ ಆರ್ಡರ್ ಪತ್ರ) ನಂಬರ್ ತಾಳೆಯಾಗಿರುವುದಿಲ್ಲ. ಕೇಳಿದರೆ ಹೇಳುತ್ತಾರೆ. ಇನ್‌ವಾಯ್ಸಿನ ಕೆಳಗೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ, ಅದನ್ನು ನೋಡಿದವರಿಗೆ ಬೇರೆ ಏನೂ ಹೇಳಬೇಕಾಗಿಲ್ಲ. ಎರಡು ಮೇಲ್‌ಗೂ ಉತ್ತರ ಬರಲಿಲ್ಲ ಅಂದಾಗ ಕಾನೂನಿನ ಮಾತು ಒಂದೇ ವಾಕ್ಯದಲ್ಲಿ ಬರೆಯಿರಿ.

ಕೇಳಿದವರು

ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ಇಷ್ಟು ನೇರವಾಗಿ ಬರೆದರೆ ಒರಟು ಅನ್ನಿಸಲ್ವಾ? ಕೆಲವರು ನಮ್ಮ ಯಜಮಾನರ ಕಾಲದಿಂದ ಇರುವ ಹಳೇ ಪಾರ್ಟಿಗಳು.

ಚಿಕ್ಕಬಳ್ಳಾಪುರ, ನಿವೃತ್ತ ಕಚೇರಿ ಅಧೀಕ್ಷಕರು

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತಮ್ಮ. ಹಳೇ ಪಾರ್ಟಿಗೆ ಮೊದಲು ಫೋನ್ ಮಾಡಿ. ಮರ್ಯಾದೆ ಮಾತಿನಲ್ಲಿ ಹೋಗಲಿ. ಆಮೇಲೆ "ಆ್ಯಸ್ ವಿ ಸ್ಪೋಕ್ ಟುಡೇ" ಅಂತ ಶುರು ಮಾಡಿ ಲೆಕ್ಕವನ್ನು ಮೇಲ್‌ನಲ್ಲಿ ಕಳಿಸಿ. ಮೇಲ್‌ನಲ್ಲಿ ಒಂದು ಪ್ಲೀಸ್, ಕೊನೆಗೆ ಒಂದು ಥ್ಯಾಂಕ್ಸ್ ಇದ್ದರೆ ಸಾಕು. ಅವರ ಹೊತ್ತು ಹಾಳು ಮಾಡದೆ ಇರುವುದೂ ಮರ್ಯಾದೆಯೇ.

ಆದರೆ ಬೇಕಾದ್ದು ಮೊದಲ ಸಾಲಿನಲ್ಲೇ ಇರಲಿ ಅಂತ ಕೋಲಾರದ ನರಸಾಪುರದವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಸರ್ಕಾರಿ ಕಚೇರಿಗೆ, ಬ್ಯಾಂಕಿಗೆ, ವಿದ್ಯುತ್ ಕಂಪನಿಗೆ ಬರೆಯುವಾಗ ವಿಷಯ, ಉಲ್ಲೇಖ ಎರಡನ್ನೂ ಬಿಡಬೇಡಿ. ಹಿಂದಿನ ಪತ್ರದ ಸಂಖ್ಯೆ, ದಿನಾಂಕ ಇಲ್ಲದಿದ್ದರೆ ನಿಮ್ಮ ಪತ್ರ ಯಾವ ಕಡತಕ್ಕೆ ಸೇರಬೇಕು ಅಂತ ಕೇಸ್ ವರ್ಕರ್‌ಗೆ ತಿಳಿಯುವುದಿಲ್ಲ. ಅದು ಅಲ್ಲೇ ಉಳಿಯುತ್ತದೆ. ಆ ಎರಡು ಸಾಲು ಆದ ಮೇಲೆ ಬೇಕಾದ್ದನ್ನು ನೇರವಾಗಿ ಕೇಳಿ. ಲಗತ್ತುಗಳನ್ನು ಕೊನೆಗೆ ನಂಬರ್ ಹಾಕಿ ಬರೆಯಿರಿ. ಕನ್ನಡದಲ್ಲಿ ಬರೆಯಬಹುದಾದ ಕಚೇರಿಗೆ ಕನ್ನಡದಲ್ಲೇ ಬರೆಯಿರಿ, ಅಲ್ಲಿ ಇಂಗ್ಲಿಷಿನ ಕಷ್ಟ ಯಾಕೆ?

ಗೌರಿಬಿದನೂರು, ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಮರ್ಚಂಡೈಸರ್

ನಾನು ಕಾರ್ಟನ್ ಕೊಳ್ಳುವ ಕಡೆಯವಳು ಕಣ್ರೀ. ಕೊಟೇಶನ್‌ಗೆ ಪ್ರಶ್ನೆ ಯಾಕೆ ಬರುತ್ತವೆ ಅಂತ ನಾನು ಹೇಳುತ್ತೇನೆ.

ಬಾಕ್ಸಿನ ಅಳತೆ ಬರೆದಿರುತ್ತಾರೆ, ಅದು ಒಳಗಿಂದಾ ಹೊರಗಿಂದಾ ಅಂತ ಇರುವುದಿಲ್ಲ. ನಮ್ಮ ಶರ್ಟು ಒಳಗೆ ಕೂರಬೇಕು, ಹಾಗಾಗಿ ಒಳ ಅಳತೆ ಬೇಕು. ಅದೇ ಬಾಕ್ಸ್ ಕಂಟೈನರಿನಲ್ಲಿ ಎಷ್ಟು ಹಿಡಿಯುತ್ತದೆ ಅಂತ ಲೆಕ್ಕ ಹಾಕಲು ಹೊರ ಅಳತೆ ಬೇಕು. ಎರಡನ್ನೂ ಬರೆಯಿರಿ, ಮಿಲಿಮೀಟರಿನಲ್ಲಿ. 3 ಪ್ಲೈನಾ 5 ಪ್ಲೈನಾ (ಪ್ಲೈ ಅಂದರೆ ಕಾಗದದ ಪದರ), ಪ್ರತಿ ಪದರದ ಜಿಎಸ್ಎಂ (ಚದರ ಮೀಟರಿಗೆ ಎಷ್ಟು ಗ್ರಾಂ) ಎಷ್ಟು, ಬರ್ಸ್ಟಿಂಗ್ ಫ್ಯಾಕ್ಟರ್ (ಒತ್ತಡಕ್ಕೆ ಹರಿಯದೆ ತಾಳುವ ಶಕ್ತಿ) ಎಷ್ಟು. ರೇಟು ಒಂದು ಬಾಕ್ಸಿಗಾ ನೂರಕ್ಕಾ. ಜಿಎಸ್‌ಟಿ ಸೇರಿದೆಯಾ. ಗೌರಿಬಿದನೂರಿಗೆ ತಂದು ಇಳಿಸುವ ಬಾಡಿಗೆ ಯಾರದ್ದು. ಕನಿಷ್ಠ ಎಷ್ಟು ತೆಗೆದುಕೊಳ್ಳಬೇಕು. ಆರ್ಡರ್ ಕೊಟ್ಟ ಎಷ್ಟು ದಿನಕ್ಕೆ ಬರುತ್ತದೆ. ಈ ರೇಟು ಯಾವ ತಾರೀಖಿನವರೆಗೆ. ಕ್ರಾಫ್ಟ್ ಪೇಪರಿನ ಬೆಲೆ ಏರಿಳಿಯುತ್ತಲೇ ಇರುತ್ತದೆ, ಆ ತಾರೀಖು ಇಲ್ಲದಿದ್ದರೆ ನಿಮಗೇ ನಷ್ಟ. ಇದನ್ನೆಲ್ಲ ಪ್ಯಾರಾದಲ್ಲಿ ಬರೆಯಬೇಡಿ, ಟೇಬಲ್ ಹಾಕಿ. ನಾನು ನಾಲ್ಕೈದು ಕಂಪನಿಯ ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಟೇಬಲ್ ಇರುವುದು ಮೊದಲು ಮುಗಿಯುತ್ತದೆ. "ಬೆಸ್ಟ್ ಕ್ವಾಲಿಟಿ, ಕಾಂಪಿಟಿಟಿವ್ ಪ್ರೈಸ್, ಪ್ರಾಂಪ್ಟ್ ಸರ್ವಿಸ್" ಅನ್ನುವ ಸಾಲನ್ನು ನಾವು ಯಾರೂ ಓದುವುದಿಲ್ಲ.

ಮುಂದೆ ವಿದೇಶಿ ಪಾರ್ಟಿಗೆ ಬರೆಯುವ ಕಾಲ ಬಂದರೆ ಇನ್ನೆರಡು ವಿಷಯ. 05/06 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ಲಕ್ಷ, ಕೋಟಿ ಅವರಿಗೆ ಗೊತ್ತಾಗುವುದಿಲ್ಲ. ಎರಡೂವರೆ ಲಕ್ಷ ಬಾಕ್ಸನ್ನು 250,000 ಅಂತ ಅವರ ಥರ ಕಾಮಾ ಹಾಕಿ ಬರೆಯಬೇಕು. "ಡು ದ ನೀಡ್‌ಫುಲ್" ಅಂದರೆ ಏನು ಮಾಡಬೇಕು ಅಂತ ವಾಪಸ್ ಕೇಳುತ್ತಾರೆ. ಮಾಡಬೇಕಾದ ಕೆಲಸದ ಹೆಸರನ್ನೇ ಹೇಳಿ: ಸ್ಯಾಂಪಲ್ ಅಪ್ರೂವ್ ಮಾಡಿ, ಆರ್ಟ್‌ವರ್ಕ್ ಕಳಿಸಿ, ಪಿಒ ತಿದ್ದಿ.

ಕೇಳಿದವರು

ಒಳ ಅಳತೆ, ಹೊರ ಅಳತೆ ವಿಷಯ ನಾಳೆಯೇ ನಮ್ಮ ಕೊಟೇಶನ್ ಫಾರ್ಮ್ಯಾಟಿಗೆ ಸೇರಿಸುತ್ತೇನೆ ಮೇಡಂ. ಇನ್ನೊಂದು ಕೇಳಬೇಕಿತ್ತು. ಚಾಟ್‌ಜಿಪಿಟಿಯಲ್ಲಿ ಬರೆಸಬಹುದಾ?

ತಿಪಟೂರು, ಕೊಬ್ಬರಿ ವ್ಯಾಪಾರದ ಆಫೀಸು

ನಾನು ದಿನಾ ಬಳಸುತ್ತೇನೆ. "ಪೇಮೆಂಟ್ ಮೇಲ್ ಬರೆದು ಕೊಡು" ಅಂತ ಸುಮ್ನೆ ಕೇಳಿದರೆ ಉದ್ದಕ್ಕೆ ಬರೆಯುತ್ತದೆ. ನಿಮ್ಮ ಕ್ಷೇಮ ಬಯಸುತ್ತೇವೆ ಅಂತ ಶುರು, ನಿಮ್ಮ ಸಹಕಾರಕ್ಕೆ ಋಣಿ ಅಂತ ಕೊನೆ, ಮಧ್ಯದಲ್ಲಿ ವಿಷಯ ಹುಡುಕಬೇಕು. ಅದಕ್ಕಿಂತ ವಿಷಯವನ್ನು ಕನ್ನಡದಲ್ಲೇ ನಾಲ್ಕು ಸಾಲು ಟೈಪ್ ಮಾಡಿ, ಇಷ್ಟನ್ನೇ ಸರಳ ಇಂಗ್ಲಿಷಿನಲ್ಲಿ ಬರೆ, ಏನೂ ಸೇರಿಸಬೇಡ ಅಂತ ಹೇಳಿ. ಚೆನ್ನಾಗಿ ಬರುತ್ತದೆ. ಬಂದಿದ್ದರಲ್ಲಿ ನಿಮಗೆ ಅರ್ಥವಾಗದ ಪದ ಒಂದಿದ್ದರೂ ತೆಗೆದುಹಾಕಿ. ನಾಳೆ ಆ ಪಾರ್ಟಿ ಫೋನ್ ಮಾಡಿ ಕೇಳಿದರೆ ಉತ್ತರ ಹೇಳಬೇಕಾದವರು ನೀವೇ.

ಪಾರ್ಟಿ ಹೆಸರು, ಬ್ಯಾಂಕ್ ಅಕೌಂಟ್, ನಿಮ್ಮ ರೇಟು ಅದರಲ್ಲಿ ಹಾಕಬೇಡಿ. ಆ ಜಾಗ ಖಾಲಿ ಬಿಟ್ಟು ಬರೆಸಿ, ಮೇಲ್‌ಗೆ ಹಾಕಿದ ಮೇಲೆ ನೀವೇ ತುಂಬಿ. ಕಳಿಸುವ ಮುಂಚೆ ಬಿಲ್ ಎದುರಿಗೆ ಇಟ್ಟುಕೊಂಡು ನಂಬರ್, ಮೊತ್ತ, ತಾರೀಖು ತಾಳೆ ನೋಡಿ. ಅಟ್ಯಾಚ್‌ಮೆಂಟ್ ಸೇರಿದೆಯಾ ಅಂತಲೂ ನೋಡಿ.