ತೋಟದ ನೋಡ್‌ಗಳನ್ನು ಏಜೆಂಟ್‌ ಕೈಗೆ ಒಪ್ಪಿಸಬಹುದಾ?

ಅಡಿಕೆ_ಮನೆ:
ತೀರ್ಥಹಳ್ಳಿ ಹತ್ತಿರ ನಮ್ಮ ತೋಟ. ಮಣ್ಣಿನ ತೇವ ಅಳೆಯೋಕೆ 14 ಟೆಲೋಸ್‌ಬಿ ನೋಡ್ (ರೇಡಿಯೋ ಇರೋ ಪುಟ್ಟ ಸೆನ್ಸರ್ ಸಾಧನ) ಇಟ್ಟಿದ್ದೀನಿ, ಒಂದೊಂದಕ್ಕೂ ಎರಡು ಎಎ ಸೆಲ್. ಅವುಗಳ ಮಾಹಿತಿ ಬಂದು ಸೇರೋ ಬೇಸ್ ಸ್ಟೇಷನ್ ಮನೆಯ ಜಗಲಿಯಲ್ಲಿ. ನಾನಿರೋದು ಬೆಂಗಳೂರಲ್ಲಿ. ಯಾವುದಾದರೂ ನಿಂತರೆ ಅಪ್ಪ ಫೋನ್ ಮಾಡ್ತಾರೆ, ನಾನು ರಾತ್ರಿ ಬಸ್ ಹತ್ತಬೇಕು. ಜಗಲಿಗೆ ಹತ್ತಿರದ ಮೂರೇ ಪ್ರತಿ ಸಲ ಮೊದಲು ಸಾಯೋದು. ನೋಡ್‌ನಿಂದ ನೋಡ್‌ಗೆ ತಾನೇ ಓಡಾಡೋ ಪುಟ್ಟ ಪ್ರೋಗ್ರಾಂ, ಅಂದರೆ ಮೊಬೈಲ್ ಏಜೆಂಟ್ ಬಗ್ಗೆ ಓದಿದೆ. ಅದನ್ನ ಹಾಕಿದರೆ ಈ ಓಡಾಟ ತಪ್ಪುತ್ತಾ?

ಹಳೇ_ಮೋಟ್:
ಎಂ.ಟೆಕ್. ಮಾಡುವಾಗ ನಾನು ಮೈಕಾ2 ಅನ್ನೋ ಹಳೇ ನೋಡ್ ಮೇಲೆ ಅಜಿಲ್ಲಾ ಓಡಿಸಿದ್ದೆ, ಇಂಥ ಏಜೆಂಟ್‌ಗಳನ್ನ ನಡೆಸೋ ತಂತ್ರಾಂಶ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಟೈನಿಓಎಸ್ (ಸೆನ್ಸರ್ ನೋಡ್‌ಗಳ ಆಪರೇಟಿಂಗ್ ಸಿಸ್ಟಂ) ಮೇಲೆ ಕಟ್ಟಿದ್ದು ಅದು. ಏಜೆಂಟ್ ತನ್ನ ಕೋಡ್ ಮತ್ತು ಸ್ಥಿತಿ ಎರಡನ್ನೂ ಹೊತ್ತುಕೊಂಡು ಪಕ್ಕದ ನೋಡ್‌ಗೆ ಹೋಗುತ್ತೆ, ಬೇಕಾದರೆ ಇನ್ನೊಂದು ಪ್ರತಿಯಾಗುತ್ತೆ. ಪ್ರತಿ ನೋಡ್‌ನಲ್ಲೂ ಟಪಲ್ ಸ್ಪೇಸ್ ಅನ್ನೋ ಜಾಗ ಇರುತ್ತೆ. ಒಂದು ಏಜೆಂಟ್ ಅಲ್ಲಿ ಬಿಟ್ಟ ಸುದ್ದಿಯನ್ನ ಇನ್ನೊಂದು ಓದಿಕೊಳ್ಳುತ್ತೆ. ಮೈಕಾ2ನ ರ‍್ಯಾಮ್ ಬರೀ 4 ಕೆಬಿ, ಅಷ್ಟರಲ್ಲೇ ಇದೆಲ್ಲ ನಡೀತಿತ್ತು. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು.

ನಿಮಗೆ ಇದರಿಂದ ಆಗುವ ನಿಜವಾದ ಲಾಭ ಒಂದಿದೆ. ಟೆಲೋಸ್‌ಬಿ 2.1 ವೋಲ್ಟ್‌ವರೆಗೂ ಕೆಲಸ ಮಾಡುತ್ತೆ, ಆದರೆ ಪ್ರೋಗ್ರಾಂ ಉಳಿಯುವ ಫ್ಲ್ಯಾಶ್ ಮೆಮೊರಿಗೆ ಬರೆಯೋಕೆ 2.7 ಬೇಕು. ಅಂದರೆ ಸೆಲ್ ಸೊರಗಿದ ನೋಡ್‌ಗೆ ಹೊಸ ಫರ್ಮ್‌ವೇರ್ ಕಳಿಸಿ ಬದುಕಿಸೋಕೆ ಆಗಲ್ಲ. ಏಜೆಂಟ್ ಬಂದು ಕೂರೋದು ರ‍್ಯಾಮ್‌ನಲ್ಲಿ, ಅದಕ್ಕೆ ಈ ತಡೆ ಇಲ್ಲ. ರೀಸೆಟ್ ಆದರೆ ಅಳಿಸಿಹೋಗುತ್ತೆ, ನಿಜ. ಮತ್ತೆ ಕಳಿಸಿದರಾಯ್ತು.

ಮೊದಲು ಇದು ಹೇಳಿ: ರೇಡಿಯೋ ಎಷ್ಟು ಹೊತ್ತು ಎಚ್ಚರ ಇರುತ್ತೆ? ಸುಮ್ಮನೆ ಕೇಳಿಸಿಕೊಳ್ಳೋಕೂ ಅದಕ್ಕೆ ಸುಮಾರು 20 ಮಿಲಿಆಂಪ್ ಬೇಕು. 2500 ಎಂಎಎಚ್ ಸೆಲ್ ಐದು ದಿನಕ್ಕೆ ಮುಗೀತು.

ಅಡಿಕೆ_ಮನೆ:
ನಿದ್ದೆ ಮಾಡಿಸ್ತೀನಿ ಸರ್, ಉಳಿದ 11 ನೋಡ್ ತಿಂಗಳುಗಟ್ಟಲೆ ಬರ್ತಿವೆ. ಆ ಮೂರದ್ದೇ ಗೋಳು.

ಹಳೇ_ಮೋಟ್:
ಹಾಗಾದರೆ ಅವುಗಳ ಹಿಂದಿರೋ 11 ನೋಡ್‌ಗಳ ಡೇಟಾ ಪ್ಯಾಕೆಟ್ ಎಲ್ಲ ಆ ಮೂರರ ಮೂಲಕವೇ ಜಗಲಿಗೆ ಸಾಗ್ತಿದೆ, ಹೊರೆ ಅವುಗಳ ಹೆಗಲ ಮೇಲೇ ಬೀಳ್ತಿದೆ. ಪ್ರತಿ ನೋಡ್‌ನಲ್ಲೂ ಕದಲದ ಒಂದು ಚಿಕ್ಕ ಏಜೆಂಟ್ ಇಡಿ. ವೋಲ್ಟೇಜ್ ಇಳಿದಾಗ ಅದು ತನ್ನ ದಾರಿ ದುಬಾರಿ ಅಂತ ನೆರೆಯವರಿಗೆ ಸಾರಲಿ, ಅವು ಬೇರೆ ದಾರಿ ಹಿಡೀತವೆ. ತೇವ ಬದಲಾಗದಿದ್ದರೆ ರೀಡಿಂಗ್ ಕಳಿಸೋದೇ ಬೇಡ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹತ್ತು ನಿಮಿಷಕ್ಕೊಂದು ರೀಡಿಂಗ್ ಯಾರಿಗೆ ಬೇಕು? ಓಡಾಡುವ ಏಜೆಂಟನ್ನ ಇಂಥ ನಿಯಮ ಬದಲಿಸುವಾಗ ಮಾತ್ರ ಬಿಡಿ, ಅದರ ಒಂದೊಂದು ಹೆಜ್ಜೆಗೂ ರೇಡಿಯೋ ಉರಿಯುತ್ತೆ.

ಬಯಲುಸೀಮೆ:
ಮೂರಕ್ಕೂ ಹೊರೆ ಸಮ ಹಂಚಿದರೆ ಮೂರೂ ಒಟ್ಟಿಗೆ ಸಾಯ್ತವೆ, ಅಷ್ಟೇ ಅಲ್ವಾ? ಜಗಲಿ ಪಕ್ಕ ಇನ್ನೆರಡು ನೋಡ್ ಸೇರಿಸಿ.

ಹಳೇ_ಮೋಟ್:
ಸರಿಯಾದ ಮಾತು. ಏಜೆಂಟ್ ಹೊಸದಾಗಿ ಕರೆಂಟ್ ಹುಟ್ಟಿಸಲ್ಲ.

ಅಡಿಕೆ_ಮನೆ:
ಎರಡು ನೋಡ್ ನನ್ನ ಹತ್ತಿರವೇ ಇವೆ. ಈ ಶನಿವಾರ ಊರಿಗೆ ಹೋಗಿ ನಿಲ್ಲಿಸ್ತೀನಿ. ವೋಲ್ಟೇಜ್ ನೋಡೋ ಏಜೆಂಟನ್ನ ಮೊದಲು ಆ ಮೂರಕ್ಕೇ ಹಾಕ್ತೀನಿ, ಹದಿನೈದು ದಿನದ ರೀಡಿಂಗ್‌ಗಳನ್ನ ಇಲ್ಲೇ ಹಾಕ್ತೀನಿ.