ನಿನ್ನೆ ರಾತ್ರಿ 12ನೇ ಮನೆಯೂ ಹೋಯಿತು

(ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್‌ನಲ್ಲಿ, ಗಣಿ ಕಾರ್ಮಿಕರ ಒಂದು ಲೈನಿನ, ಅಂದರೆ ಸಾಲು ಮನೆಗಳ, ಗುಂಪಿನ ಸಂದೇಶಗಳು)

ಮನೆ 13: ಯಾರಿಗೂ ಕೇಳಿಸಲಿಲ್ಲವೇ? ರಾತ್ರಿಯಿಡೀ ಸುತ್ತಿಗೆಯ ಸದ್ದು. 12ರ ಶೀಟುಗಳನ್ನು ಕಿತ್ತು ಆಟೋಗೆ ತುಂಬಿಕೊಂಡು ಹೋದರು. ಬಾಗಿಲು ತೆರೆದು ಕೂಗಿದರೆ ಟಾರ್ಚನ್ನು ನನ್ನ ಮುಖಕ್ಕೇ ಹಿಡಿದರು. ತೊಲೆ ಎಳೆದ ರಭಸಕ್ಕೆ ಮುಂದಿನ ಗೋಡೆ ದಾರಿಗೆ ಉರುಳಿದೆ. 12ಕ್ಕೂ ನಮಗೂ ನಡುವೆ ಒಂದೇ ಗೋಡೆ. ತೊಲೆ ಕೂತಿದ್ದ ಜಾಗದಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿದೆ, ಮಣ್ಣು ಉದುರುತ್ತಲೇ ಇದೆ. 8 ಹೋದದ್ದೂ ಹೀಗೆಯೇ. ಅದರ ಗೋಡೆ ಸಡಿಲವಾಗಿ 9 ಕುಸಿಯಿತು, ಆಮೇಲೆ 10, 11. ಇನ್ನು ನಮ್ಮ ಸರದಿ. ಮಳೆ ಬಂದರೆ ಮಕ್ಕಳನ್ನು ಎಲ್ಲಿ ಮಲಗಿಸಲಿ?

ಮನೆ 17: ಸದ್ದು ಕೇಳಿಸಿತು ಅಕ್ಕ. ನೆಲದೊಳಗೆ ಬಂಡೆ ಸಿಡಿದಿರಬೇಕು ಎಂದುಕೊಂಡು ಮಲಗಿಬಿಟ್ಟೆ.

ಮನೆ 3: ಕಳ್ಳರನ್ನು ಬೈದು ಏನು ಪ್ರಯೋಜನ? 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಮನೆಗೆ ಬೀಗ ಹಾಕಿ ಹೋಗಬೇಡಿ ಎಂದು ಆಗಲೇ ಬಡಿದುಕೊಂಡೆ. ಕೇಳಿದಿರಾ? ಈ ಲೈನಿನಲ್ಲಿ ಮೊದಲು ಬಾಗಿಲು ಕಿತ್ತು ಮಾರಿದವರು ಕಳ್ಳರಲ್ಲ, ಮನೆಯವರೇ.

ಮನೆ 9, ಈಗ ಬೆಂಗಳೂರು: ಅಣ್ಣ, ಅದು ನಮಗೆ ಹೇಳಿದ ಮಾತು ಎಂದು ಗೊತ್ತು. ಬಾಗಿಲು ಮಾರಿದ್ದು ನಿಜ, ಮಗನ ಶಾಲೆಯ ಶುಲ್ಕಕ್ಕೆ. ಮಾರಿಕುಪ್ಪಂನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆ ಸೇರುವ ಬಾಳನ್ನು ವರ್ಷಗಟ್ಟಲೆ ಬಾಳಿದ ಮೇಲೆಯೇ ನಾವು ಊರು ಬಿಟ್ಟದ್ದು.

ಮನೆ 3: ಎಲ್ಲರೂ ಅದೇ ರೈಲಿನಲ್ಲಿ ಹೋದವರು. ಎಲ್ಲರೂ ಬಾಗಿಲು ಮಾರಲಿಲ್ಲ. ನಮ್ಮ ತಾತ ಬಿದಿರು ತಟ್ಟಿಯ ಗುಡಿಸಲಿನಲ್ಲಿ ಬಾಳಿದವರು. ಈ ಗೋಡೆಗಳು ಸುಮ್ಮನೆ ಬರಲಿಲ್ಲ, ಹೋರಾಡಿ ಪಡೆದದ್ದು.

ಮನೆ 26: ಕಳುಹಿಸಲಾದ ಸಂದೇಶ: ಶುಭ ಸುದ್ದಿ!! ಕೆಜಿಎಫ್‌ನಲ್ಲಿ ಮತ್ತೆ ಚಿನ್ನ!! ಎಲ್ಲ ಗುಂಪುಗಳಿಗೂ ಹಂಚಿರಿ 🙏🙏

ಮನೆ 21: ಅದು ಹಳೆಯ ಸುದ್ದಿ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದ್ದು 13 ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳ, ವಿಷಯಕ್ಕೆ, ನಮ್ಮ ಮನೆಗಳಿಗಲ್ಲ. ಈಗ ಕೆಲಸದ ಮಾತು. ನಿಂತಿರುವ ಒಂದೊಂದು ಮನೆಯ ಫೋಟೊ ತೆಗೆಯೋಣ, ಬಿದ್ದುಹೋದ ಮನೆಗಳಲ್ಲಿ ಯಾರಿದ್ದರು ಎಂದು ಬರೆದಿಡೋಣ. ಒಂದು ಪ್ರತಿ ಪೊಲೀಸ್ ಠಾಣೆಗೆ, ಒಂದು ನಗರಸಭೆಗೆ. ಜೊತೆಗೆ ತಿರುವಿನಲ್ಲಿ ಒಂದು ದೀಪ ಕೇಳೋಣ. 1902ರಲ್ಲಿಯೇ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂದ ಊರು ಇದು. ನಮ್ಮ ಲೈನು ಇಂದಿಗೂ ಕತ್ತಲಲ್ಲಿದೆ.

ಮನೆ 17: ಹಕ್ಕುಪತ್ರವೇ ಇಲ್ಲದ ಮನೆಗೆ ಕಳವಿನ ದೂರು ಹೇಗೆ ಕೊಡುವುದು? ನಿಮ್ಮದೇ ಮನೆ ಎನ್ನುವುದಕ್ಕೆ ದಾಖಲೆ ಎಲ್ಲಿ ಎಂದು ಕೇಳುತ್ತಾರೆ.

ಮನೆ 9, ಈಗ ಬೆಂಗಳೂರು: ಹೆಸರುಗಳನ್ನು ನಾನು ಬರೆದುಕೊಡುತ್ತೇನೆ. 8ರಲ್ಲಿ ಇದ್ದವರು ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದು ದುಡಿದವರು. ಅವರ ಮನೆಯ ತೊಲೆಯಲ್ಲಿ ತೊಟ್ಟಿಲಿನ ಕೊಂಡಿ ಇತ್ತು. ಸಾಲಿನ ಮಕ್ಕಳನ್ನೆಲ್ಲ ಅದರಲ್ಲೇ ತೂಗಿದ್ದು, ನನ್ನನ್ನೂ ಸೇರಿಸಿ.

ಮನೆ 3: ಅರ್ಜಿ ಹೋಗುವುದಾದರೆ ಸಂಘದ ಹೆಸರಿನಲ್ಲಿ ಹೋಗಬೇಕು, ಮೇಲೆ ನನ್ನ ಸಹಿ ಇರಬೇಕು. ಊರು ಬಿಟ್ಟವರ ಸಹಿ ಬೇಡ.

ಮನೆ 21: ಅಣ್ಣ, ಬಿದ್ದ ಮನೆಯವರ ಸಹಿಯೇ ಬೇಡವೆಂದರೆ ಅರ್ಜಿ ಯಾರ ಪರವಾಗಿ?

ಮನೆ 3: ಕಾನೂನು ನನಗೆ ಕಲಿಸಬೇಡ. ನೀನು ಹುಟ್ಟುವ ಮೊದಲೇ ಧರಣಿ ಕೂತವನು ನಾನು.

ಮನೆ 13: ದಯವಿಟ್ಟು ನಿಲ್ಲಿಸಿ. ಸಹಿ ಯಾರದ್ದಾದರೂ ಇರಲಿ. ಇವತ್ತು ರಾತ್ರಿ ನನ್ನ ಮನೆಯ ಮುಂದೆ ಇಬ್ಬರು ಕಾವಲು ಕೂರುತ್ತೀರಾ, ಇಲ್ಲವಾ? ಅಷ್ಟು ಹೇಳಿ.

ಮನೆ 26: ನೀರಿನ ಟ್ಯಾಂಕರ್ ಇವತ್ತು ಬರುತ್ತದೆಯೇ? ನಾಲ್ಕು ದಿನವಾಯಿತು.

ಮನೆ 17: ಬಂದಿದೆ, ತಿರುವಿನಲ್ಲೇ ನಿಂತಿದೆ. 12ರ ಗೋಡೆ ದಾರಿಗೆ ಅಡ್ಡ ಬಿದ್ದಿದೆ. ಹತ್ತು ನಿಮಿಷ ನೋಡಿ ಹೊರಟುಬಿಡುತ್ತೇನೆ ಎನ್ನುತ್ತಿದ್ದಾನೆ ಚಾಲಕ.

ಮನೆ 3: ಗುದ್ದಲಿ, ಬಾಣಲಿ ಇರುವವರೆಲ್ಲ ಬನ್ನಿ. ನಾನು ಹೊರಟೆ. ಮೊದಲು ನೀರು, ಅರ್ಜಿ ಭಾನುವಾರ.

ಮನೆ 26: ಬಿಂದಿಗೆಗಳನ್ನು ಸಾಲಾಗಿ ಇಡಿ, ಹೋದ ಸಲದ ಹಾಗೆ ಜಗಳ ಬೇಡ.

ಮನೆ 21: ಅಕ್ಕ, ಕಾವಲಿಗೆ ನಾನು ಬರುತ್ತೇನೆ. ಇನ್ನೊಬ್ಬರು ಬೇಕು.

ಮನೆ 13: ಕಲ್ಲುಗಳನ್ನು ಚರಂಡಿಗೆ ತಳ್ಳಬೇಡಿ, ನಮ್ಮ ಬಾಗಿಲ ಪಕ್ಕ ಹಾಕಿ. ಬಿರುಕು ಮುಚ್ಚುವುದಕ್ಕೆ ಬೇಕು.