ಸಹಾಯ ಬೇಕು: ಚಿತ್ತೆಯ ಹತ್ತಿರದ ಅಪಾಂವತ್ಸ ಯಾವ ನಕ್ಷತ್ರ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಮಳೆ ಹಿಡಿಯುವ ಮೊದಲೇ ಇದನ್ನು ನೋಡಿ ಮುಗಿಸಬೇಕು, ಆಮೇಲೆ ಇಲ್ಲಿ ತಿಂಗಳುಗಟ್ಟಲೆ ನಕ್ಷತ್ರ ಕಾಣುವುದೇ ಅಪರೂಪ.

ಚಿತ್ತೆಯಿಂದ 5 ಅಂಶ (ಡಿಗ್ರಿ) ಉತ್ತರಕ್ಕೆ ಅಪಾಂವತ್ಸ, ಅದರಿಂದ 6 ಅಂಶ ಉತ್ತರಕ್ಕೆ ಸ್ವಲ್ಪ ದೊಡ್ಡದಾದ ಆಪ ಅಂತ ಹಳೆಯ ಸಂಸ್ಕೃತ ಖಗೋಳ ಗ್ರಂಥ ಸೂರ್ಯಸಿದ್ಧಾಂತದ 8ನೇ ಅಧ್ಯಾಯ ಹೇಳುತ್ತದೆ. ಇವನ್ನು ಸಾಮಾನ್ಯವಾಗಿ ಕನ್ಯಾ ರಾಶಿಯ ನಕ್ಷತ್ರಗಳಾದ ಥೀಟಾ ವರ್ಜಿನಿಸ್, ಡೆಲ್ಟಾ ವರ್ಜಿನಿಸ್ ಎಂದು ಗುರುತಿಸುತ್ತಾರೆ. ಡೆಲ್ಟಾ ಜಾಸ್ತಿ ಹೊಳೆಯುತ್ತದೆ, ಅಷ್ಟು ಸರಿ.

ಆದರೆ ಅಂಗಳದಲ್ಲಿ ನಿಂತು ಕೈ ಚಾಚಿ ಅಳೆದರೆ ಲೆಕ್ಕ ಕೂಡುತ್ತಿಲ್ಲ. ಮೂರು ಬೆರಳು ಅಂದ್ರೆ ಸುಮಾರು 5 ಅಂಶ ಅಲ್ವಾ? ಥೀಟಾ ಅದಕ್ಕಿಂತ ಆಚೆ, ಅದೂ ವಾಯವ್ಯಕ್ಕೆ ಇದೆ. ಅಲ್ಲಿಂದ ಡೆಲ್ಟಾಗೆ 9 ಅಂಶಕ್ಕೂ ಜಾಸ್ತಿ.

ಆ 6 ಅಂಶವನ್ನು ಚಿತ್ತೆಯಿಂದಲೇ ಎಣಿಸಬೇಕಾ? ಬೇರೆ ಯಾವುದಾದರೂ ನಕ್ಷತ್ರ ಹೊಂದುತ್ತದಾ? ಹಳೆಯ ವ್ಯಾಖ್ಯಾನ ಓದಿದವರು ದಯವಿಟ್ಟು ತಿಳಿಸಿ.